ಹುರುಳಿ ಕಣದಲ್ಲಿ ಫಟಫಟಿಗಳು

ಆ ಕಾಲದಲ್ಲಿ ಸಿಂಧನೂರಿನ ನಮ್ಮ ಓಣಿಯ ಹುಡುಗಿಯರು ಕಟ್ಟೆಯ ಮೇಲೆ ಐದು ಹರಳಿನ ಆಣೆಕಲ್ಲು ಆಡುತ್ತ ಕೂತಲ್ಲಿಂದಲೇ, ತಲೆ ಎತ್ತದೆ, ರಸ್ತೆಯಲ್ಲಿ ಹೋದ ಫಟಫಟಿ ಯಾರದೆಂದು ಹೇಳುತ್ತಿದ್ದೆವು. ಮೋಟಾರ್ ಸೈಕಲ್ಲಿಗೆ ಆಗ ನಮ್ಮ ಕಡೆ ಫಟಫಟಿ ಎಂದೇ ಹೆಸರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲುವೆ ಬಂದು, ಕಾಲುವೆಯ ಹಿಂದೆ ಭತ್ತ ಬಂದು, ಭತ್ತದ ಹಿಂದೆ ಗಿರಣಿಗಳು ಬಂದು, ಊರಿನ ಗಾಳಿಗೆ ಸದಾ ಕುದಿಸಿದ ಭತ್ತದ ವಾಸನೆ ಅಂಟಿಕೊಂಡಿತ್ತು. ಫಟಫಟಿಗಳೂ ಭತ್ತದ ಹಿಂದೆಯೇ ಬಂದವು. ಆದರೂ ಅವು ಇನ್ನೂ ಕಡಿಮೆ ಇದ್ದುದರಿಂದ ಒಂದೊಂದರ ದನಿಯೂ ನಮಗೆ ಬಾಯಿಪಾಠ. ಕ್ಯಾಂಪಿನ ಸುಬ್ಬಾರಾವ್ ಅವರ ಬುಲೆಟ್ ಬರುವ ಮೊದಲೇ ಕಟ್ಟೆಯ ಮೇಲಿನ ನಮ್ಮ ಹರಳು ಸಣ್ಣಗೆ ನಡುಗುತ್ತಿದ್ದವು. ಹುಸೇನಸಾಬ್ ಟೇಲರ್ ಅವರ ಪುಟ್ಟ ಗಾಡಿಗೂ ಅವರ ಹೊಲಿಗೆ ಮಷೀನಿಗೂ ದನಿಯಲ್ಲಿ ಅಂಥ ಅಂತರವಿರಲಿಲ್ಲ. ಇವೆಲ್ಲಕ್ಕಿಂತ ಜೋರಾಗಿ, ಗಂಟಲು ಬಿಚ್ಚಿ ಒದರುತ್ತ ಬಂದರೆ ಅದು ನಮ್ಮ ಶರಣಪ್ಪ ಕಾಕಾನ ಕೆಂಪು ಟ್ಯಾಂಕಿನ ಗಾಡಿ.

ಕಾಕಾ ನಮ್ಮಪ್ಪನ ತಮ್ಮ. ಇನ್ನೂ ಲಗ್ನವಾಗಿರಲಿಲ್ಲ. ಅಜ್ಜನ ಜೊತೆ ಹೊಲ ನೋಡಿಕೊಳ್ಳುತ್ತಿದ್ದ. ಗಾಡಿ ತಂದ ವಾರದಲ್ಲೇ ಅದರ ಸೈಲೆನ್ಸರಿನ ಒಳಗಿನ ಜಾಳಿಗೆಯನ್ನು ಬಿಚ್ಚಿಸಿ ಹಾಕಿದ್ದ. ಜಾಳಿಗೆ ಇದ್ದರೆ ಗಾಡಿ ಮೆತ್ತಗೆ ಮಾತಾಡುತ್ತದೆಯಂತೆ, ಅದು ಹೆಣ್ಣು ನೋಡಲು ಬಂದವರು ಮಾತಾಡಿದ ಹಾಗಂತೆ. ಅವನನ್ನು ನೋಡಿ ಉಳಿದವರೂ ಬಿಚ್ಚಿಸಿದರು. ಹೀಗೆ ಊರಿನಲ್ಲಿ ಆವಾಜಿನ ಒಂದು ಗುಂಪು ತಯಾರಾಯಿತು.

ಅಜ್ಜನಿಗೆ ಆ ಗಾಡಿ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಮನೆಯಲ್ಲಿ ಎರಡು ಜೋಡಿ ಎತ್ತುಗಳಿದ್ದವು. ನೀರಾವರಿ ಬಂದ ಮೇಲೆ ಉಳುಮೆಗೆ ಟ್ರ್ಯಾಕ್ಟರ್ ಸಿಗುತ್ತದೆ, ಎರಡು ಜೋಡಿ ಯಾಕೆ ಎಂದು ಕಾಕಾ ಹಟ ಹಿಡಿದು ಒಂದು ಜೋಡಿ ಮಾರಿಸಿ ಗಾಡಿ ತಂದಿದ್ದ. ಎತ್ತು ಕಟ್ಟುತ್ತಿದ್ದ ಜಾಗದಲ್ಲೇ, ಅದೇ ಗೋದಲಿಯ ಮುಂದೆ, ಗಾಡಿ ನಿಲ್ಲುತ್ತಿತ್ತು. ಒಂದು ಮುಂಜಾನೆ ಅಜ್ಜ ಗೋದಲಿಯ ಹತ್ತಿರ ನಿಂತು ಷರತ್ತು ಹಾಕಿದ.

"ಉಗಾದಿ ತನಕ ನೋಡ್ತೀನಿ. ಎತ್ತಿನ ಕೆಲಸದಾಗ ಒಂದರೆ ಕೆಲಸ ಇದು ಮಾಡಿ ತೋರಿಸಲಿ. ಇಲ್ಲಂದ್ರ ಇದು ಹೊರಗ ಹೋಗ್ತೈತಿ, ಎತ್ತು ಒಳಗ ಬರ್ತಾವ."

ಕಾಕಾ ಅದನ್ನು ನಗುತ್ತ ಕೇಳಿದ. ಆದರೆ ಮನಸ್ಸಿಗೆ ಹಚ್ಚಿಕೊಂಡ. ಹಿಂದಿನ ಸೀಟಿಗೆ ಮೇವಿನ ಹೊರೆ ಕಟ್ಟಿ ತಂದ. ದಾರಿಯಲ್ಲಿ ಅರ್ಧ ಉದುರಿತು. ಬಿತ್ತನೆಯ ಚೀಲ ಹೊತ್ತು ತಂದ. ಬದುವಿನ ಹತ್ತಿರ ಗಾಲಿ ಎರೆಮಣ್ಣಿನಲ್ಲಿ ಹೂತು, ಅದನ್ನು ಎಳೆಯಲು ಉಳಿದ ಜೋಡಿ ಎತ್ತನ್ನೇ ಕರೆತರಬೇಕಾಯಿತು. ಅಂದು ಅಜ್ಜ ಎತ್ತಿನ ಕೊರಳ ಹಗ್ಗ ಬಿಚ್ಚುತ್ತ ಅದರ ಬೆನ್ನ ಮೇಲೆ ಕೈಯಾಡಿಸಿದ. ಆ ಕೈ ಕಾಕಾನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತೆಂದು ಈಗ ಅನ್ನಿಸುತ್ತದೆ.

ಆ ಚಳಿಗಾಲದಲ್ಲೇ ಎಲ್ಲರೂ ಕೂಡಿ ಲಿಂಗಸುಗೂರಿಗೆ ಹೋಗಿಬರುವ ಯೋಚನೆ ಹುಟ್ಟಿದ್ದು. ಭಾನುವಾರ ಸಂಜೆ ಗುಂಪು ಹುಸೇನಸಾಬರ ಅಂಗಡಿಯಲ್ಲಿ ಸೇರುತ್ತಿತ್ತು. ನಾನು ಗುಂಡಿ ಹಚ್ಚಿಸಿಕೊಳ್ಳುವ ನೆಪ ಹೇಳಿ ಹೋಗಿ, ಕತ್ತರಿಸಿ ಬಿದ್ದ ಬಟ್ಟೆಯ ಚೂರುಗಳನ್ನು ಆರಿಸುತ್ತ ಕೇಳುತ್ತಿದ್ದೆ. ಎಲ್ಲ ಗಾಡಿಗಳೂ ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ, ಮಸ್ಕಿ ದಾಟಿ ಲಿಂಗಸುಗೂರಿನ ಬಸ್ ನಿಲ್ದಾಣದ ಮುಂದೆ ಹಾದು ಹೋಗಬೇಕು. ತಾಲೂಕು ಕಚೇರಿಯ ಮುಂದೆ ಕೂತವರು ಎದ್ದು ನಿಲ್ಲಬೇಕು. ಇದು ಕಾಕಾನ ಆಸೆ. ಅದಕ್ಕಾಗಿ ಮಾರುಕಟ್ಟೆಯ ಬಯಲಿನಲ್ಲಿ ತಾಲೀಮೂ ನಡೆಯಿತು. ಒಮ್ಮೆಯೂ ಸಾಲು ನೆಟ್ಟಗೆ ಬರಲಿಲ್ಲ. ಯಾರು ಮುಂದೆ ಎನ್ನುವುದರ ಮೇಲೆ ಜಗಳ.

"ಎಲ್ಲಾರಿಗಿಂತ ನಂದು ದೊಡ್ಡ ಗಾಡಿ ಅಲ್ಲಾಂಡಿ. ನಾನು ಮುಂದೆ ಇರಬೇಕು" ಎಂದರು ಸುಬ್ಬಾರಾವ್. ಅವರ ತಂದೆ ಆಂಧ್ರದಿಂದ ಬಂದು ಕಾಲುವೆ ಬದಿಯ ಕ್ಯಾಂಪಿನಲ್ಲಿ ನೆಲೆಸಿದವರು. ಕನ್ನಡ ಮಾತಾಡಿದರೂ ಕೊನೆಗೊಂದು ತೆಲುಗಿನ ಬಾಲ ಉಳಿಯುತ್ತಿತ್ತು.

ಕಾಕಾ ಅವರನ್ನೇ ಕೇಳಿದ. "ಬಂಡಿ ಸಾಲು ಹೊಂಟಾಗ ಯಾವ ಬಂಡಿ ಮುಂದಿರ್ತೈತ್ರಿ? ಬಡಕಲು ಎತ್ತಿಂದು. ಅದು ಮುಂದಿದ್ರ ಯಾರೂ ಹಿಂದ ಉಳಿಯೂದಿಲ್ಲ."

ಎಲ್ಲರೂ ಹುಸೇನಸಾಬರ ಕಡೆ ನೋಡಿದರು. ಅವರು ಬಾಯಲ್ಲಿದ್ದ ದಾರ ತೆಗೆದರು.

"ಅಂದ್ರ ಬಡಕಲು ಎತ್ತು ನಾನೇನು?"

"ನೀವಲ್ಲ ಚಾಚಾ, ನಿಮ್ಮ ಗಾಡಿ."

"ಗಾಡಿಗೆ ಅಂದ್ರ ನನಗ ಅಂದಂಗ. ಇರ್ಲಿ, ಮುಂದ ಅಂದಿ ಅಲ್ಲ, ಅಷ್ಟು ಸಾಕು."

ಹೀಗೆ ಸಾಲು ಗೊತ್ತಾಯಿತು. ಮುಂದೆ ಹುಸೇನಸಾಬ್. ಅವರ ಹಿಂದೆ ಬೀಜ ಗೊಬ್ಬರದ ಅಂಗಡಿಯ ಅಮರೇಶ, ಅವನ ಹಿಂದೆ ಮಸ್ಕಿಯಲ್ಲಿ ಬಂದು ಕೂಡಿಕೊಳ್ಳುವ ಇಬ್ಬರು ಅಣ್ಣತಮ್ಮಂದಿರು, ಆಮೇಲೆ ಕಾಕಾ, ಕೊನೆಗೆ ಸುಬ್ಬಾರಾವ್. ಕಾಕಾ ಮಾಡಿದ ಕಾನೂನು ಒಂದೇ. ಮುಂದಿನವನ ಹಿಂದಿನ ಗಾಲಿಯ ಮೇಲಿಂದ ಕಣ್ಣು ತೆಗೆಯಬಾರದು. ಅತ್ತ ಇತ್ತ ನೋಡಿದರೆ ಸಾಲು ಒಡೆಯುತ್ತದೆ.

ಸಂಕ್ರಾಂತಿಯ ಮುಂಚಿನ ಭಾನುವಾರ ಹೊರಟೆವು. ನಾನು ಹೋದದ್ದು ನೆಪಕ್ಕೆ. ಲಿಂಗಸುಗೂರಿನಲ್ಲಿದ್ದ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಶೇಂಗಾ ಹೋಳಿಗೆಯನ್ನೂ ಕೊಟ್ಟು ಬರುವುದಿದೆ, ಜೊತೆಗೆ ಪಾರಿಯನ್ನು ಕರೆದೊಯ್ಯುತ್ತೇನೆ ಎಂದು ಕಾಕಾ ಅಜ್ಜನಿಗೆ ಹೇಳಿದ್ದ. ಪಾರಿ ಎಂದರೆ ನಾನು, ಪಾರ್ವತಿ. ಆಗ ಆರನೇ ಇಯತ್ತೆ. ಅವ್ವ ನನ್ನ ಕಿವಿ ಮುಚ್ಚುವಂತೆ ರುಮಾಲು ಕಟ್ಟಿದಳು. ಅಜ್ಜ ಗೋದಲಿಯ ಹತ್ತಿರ ನಿಂತು ನೋಡಿದ. ಎತ್ತುಗಳೂ ನೋಡಿದವು.

ದಾರಿಯುದ್ದಕ್ಕೂ ಭತ್ತದ ಗದ್ದೆಗಳ ತಂಪು ಗಾಳಿ ಮೊಣಕಾಲಿಗೆ ಬಡಿಯುತ್ತಿತ್ತು. ಮಸ್ಕಿಯಲ್ಲಿ ಗುಡ್ಡದ ಬುಡದ ಹೋಟೆಲಿನಲ್ಲಿ ಮಂಡಾಳ, ಅಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಭಜಿ ತಿಂದೆವು. ಬಿಸಿ ಮಿರ್ಚಿಯನ್ನು ಒಗ್ಗರಣೆಯೊಳಗೆ ಹಿಚುಕಿ ತಿನ್ನುವುದನ್ನು ನನಗೆ ಕಲಿಸಿದವರು ಹುಸೇನಸಾಬ್. ಕಾಗದದ ಮೇಲೆ ಉಳಿದ ಎಣ್ಣೆಯನ್ನು ಅಮರೇಶ ತನ್ನ ಗಾಡಿಯ ಚೈನಿಗೆ ಒರೆಸಿದ, ಎಲ್ಲರೂ ನಕ್ಕರು. ಗುಡ್ಡದ ಕೆಳಗೆ ನಾನು ಆಣೆಕಲ್ಲಿಗೆ ನುಣುಪಾದ ಕರಿ ಹರಳುಗಳನ್ನು ಆರಿಸಿ ಲಂಗದ ಅಂಚಿನಲ್ಲಿ ಕಟ್ಟಿಕೊಂಡೆ. ಅಣ್ಣತಮ್ಮಂದಿರು ಬಂದು ಕೂಡಿದರು. ಆರೂ ಗಾಡಿ ಒಟ್ಟಿಗೆ ಚಾಲೂ ಆದಾಗ ಹೋಟೆಲಿನ ಮೇಜಿನ ಮೇಲಿದ್ದ ಗ್ಲಾಸುಗಳು ಕಿಣಿಕಿಣಿ ಅಂದವು. ಎದೆಯೊಳಗೇ ಒಂದು ಗಾಡಿ ಚಾಲೂ ಆದಂತಿತ್ತು. ಅಷ್ಟು ಸಂತೋಷ ಆವತ್ತು ನಮಗೆಲ್ಲ ಇತ್ತು. ಅದನ್ನು ಹೇಳದಿದ್ದರೆ ಮುಂದಿನದು ಸರಿಯಾಗಿ ತಿಳಿಯುವುದಿಲ್ಲ.

ಮಸ್ಕಿ ದಾಟಿದ ಮೇಲೆ ಕಾಲುವೆಯ ಹಸಿರು ಹಿಂದೆ ಉಳಿಯುತ್ತದೆ. ಮಳೆಯನ್ನೇ ನಂಬಿದ ಹೊಲಗಳು, ಜೋಳ, ಕಡಲೆ, ಹುರುಳಿ. ಸಂತೆಕಲ್ಲೂರಿಗೆ ಸ್ವಲ್ಪ ಈಚೆ ರಸ್ತೆಯ ತಿರುವನ್ನು ನೇರ ಮಾಡಿದ್ದರು. ಬಿಟ್ಟುಹೋದ ಹಳೆಯ ಡಾಂಬರು ರಸ್ತೆಯ ಅಗಲವಾದ ತುಂಡೊಂದು ಬದಿಯಲ್ಲಿ ಹಾಗೇ ಉಳಿದಿತ್ತು. ಸುತ್ತಲಿನವರು ಅದನ್ನು ಕಣ ಮಾಡಿಕೊಂಡಿದ್ದರು. ಒಣಗಿದ ಹುರುಳಿ ಬಳ್ಳಿಯನ್ನು ಅಲ್ಲಿ ದಪ್ಪಗೆ ಹಾಸಿದ್ದರು. ಒಂದು ಬದಿಗೆ ಇನ್ನೂ ಹಾಸದ ಬಳ್ಳಿಯ ಒಟ್ಟಲು, ಆಳೆತ್ತರ. ಕವಲುಗೋಲು ಹಿಡಿದ ಒಬ್ಬ ಮುದುಕಿ ರಸ್ತೆಗೆ ಬಂದು ನಿಂತು ಕೈ ಅಡ್ಡ ಹಿಡಿದಳು.

"ಯಪ್ಪಗಳಾ, ಒಂದೀಟು ಇದರ ಮ್ಯಾಲ ಹಾಯ್ಸಿ ಹೋಗ್ರಿ."

ನಮ್ಮ ಕಡೆ ಇದು ದಿನದ ಮಾತು. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಮೇಲೆ ಬೆಳೆ ಹಾಸುವುದು, ಬಸ್ಸು ಲಾರಿ ಅದನ್ನು ತುಳಿದು ಹೋಗುವುದು, ಗಾಲಿಗೆ ಸಿಕ್ಕಿ ಕಾಳು ಬಿಡುವುದು. ಹಾಸಿದ್ದನ್ನು ತಪ್ಪಿಸಿ ಪಕ್ಕಕ್ಕೆ ಹೋದರೆ ಸೊಕ್ಕಿನವನು ಅನ್ನುತ್ತಾರೆ. ಅದರ ಮೇಲೆಯೇ ಹಾಯಿಸಿ ಹೋಗುವುದು ರೈತರ ಮಕ್ಕಳಿಗೆ ಮರ್ಯಾದೆ. ಆದರೆ ಈ ತುಂಡಿಗೆ ಬಸ್ಸು ಲಾರಿ ಬರುತ್ತಿರಲಿಲ್ಲ. ಮುದುಕಿ ಹೇಳಿದ್ದು ಇಷ್ಟು. ಮಗ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕಿದ್ದಾನೆ. ಬಾಡಿಗೆಗೆ ಕೇಳಿದ್ದ ಎತ್ತು ಬರಲಿಲ್ಲ. ಸೊಸೆ ಮತ್ತು ತಾನು ಇಬ್ಬರೇ ಬಡಿದು ಸಾಕಾಗಿದೆ. ಸೊಸೆ ನೀರಿಗೆ ಹೋಗಿದ್ದಾಳೆ.

ಎತ್ತು ಬರಲಿಲ್ಲ ಎಂಬ ಮಾತು ಕೇಳಿದ್ದೇ ಕಾಕಾ ನನ್ನ ಕಡೆ ತಿರುಗಿದ. ಅವನ ಮುಖ ಈಗಲೂ ಕಣ್ಣ ಮುಂದಿದೆ.

"ಕೇಳಿದೇನು ಪಾರಿ? ಎತ್ತಿನ ಕೆಲಸ ಐತಿ. ಮನಿಗೆ ಹೋಗಿ ಅಜ್ಜಗ ನೀನ ಹೇಳಬೇಕು, ಕಣ್ಣಾರೆ ನೋಡೀನಿ ಅಂತ."

ಚೀಲಗಳ ಜೊತೆ ನನ್ನನ್ನು ಬೇವಿನ ಮರದ ಕೆಳಗೆ ಇಳಿಸಿದರು. ಆರೂ ಗಾಡಿಗಳು ಅದೇ ಸಾಲಿನಲ್ಲಿ ಹುರುಳಿಯ ಮೇಲೆ ಹತ್ತಿ ಸುತ್ತತೊಡಗಿದವು. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗುವ ಹಾಗೆಯೇ. ಮುಂದೆ ಹುಸೇನಸಾಬ್, ಕೊನೆಗೆ ಸುಬ್ಬಾರಾವ್. ಬಳ್ಳಿ ಪಟಪಟ ಒಡೆಯುತ್ತಿತ್ತು. ಹುರುಳಿಯ ಕಂದು ಧೂಳು, ಪೆಟ್ರೋಲಿನ ನೀಲಿ ಹೊಗೆ, ಎರಡೂ ಕೂಡಿ ಒಂದು ಬಿಸಿ ವಾಸನೆ. ಸುಬ್ಬಾರಾವ್ ಎತ್ತು ಹೊಡೆಯುವವರ ಹಾಗೆ ಹೋ ಹೋ ಅನ್ನುತ್ತಿದ್ದರು. ಅಮರೇಶ ಒಂದು ಕೈ ಬಿಟ್ಟು ಬಾರುಕೋಲು ಬೀಸಿದಂತೆ ಮಾಡಿದ. ಮಾರುಕಟ್ಟೆಯ ಬಯಲಿನಲ್ಲಿ ಒಮ್ಮೆಯೂ ಬಾರದ ಸಾಲು ಇಲ್ಲಿ ತಾನಾಗಿ ಕೂಡಿಬಂತು. ಸಮ ಅಂತರ, ಒಂದೇ ವೇಗ. ಮುದುಕಿ ನಗುತ್ತ, ಒಟ್ಟಲಿನಿಂದ ಕವಲುಗೋಲಿನಲ್ಲಿ ಬಳ್ಳಿ ಎಳೆದೆಳೆದು ಗಾಲಿಗಳ ಮುಂದೆ ಹಾಕುತ್ತಿದ್ದಳು. ಒಂದು ಸುತ್ತಿಗೆ ಮುಗಿಯಬೇಕಾದದ್ದು ಮುಗಿಯಲಿಲ್ಲ. ಕಾಕಾನಿಗೆ ಸಾಕಾಗಲಿಲ್ಲ. ಕಾಳು ಪೂರ್ತಿ ಬಿಟ್ಟಿತೆಂದು ಅಜ್ಜನಿಗೆ ಹೇಳಬೇಕಿತ್ತು.

ಮುಂದಿನದನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೋ ತಿಳಿಯದು. ಅದು ನಡೆದ ಕ್ರಮ ಹೀಗೆ.

ಸುತ್ತುತ್ತ ಸುತ್ತುತ್ತ ಬಳ್ಳಿ ಹೊರಗೆ ಹರಡುತ್ತಿತ್ತು. ಉದುರಿದ ಕಾಳು ಗುಂಡಗೆ, ನುಣ್ಣಗೆ ಇದ್ದುದರಿಂದ ಗಾಲಿಗಳು ಸಣ್ಣಗೆ ಜಾರಿ ಸುತ್ತು ದೊಡ್ಡದಾಗುತ್ತ ಹೋಯಿತು. ಅತ್ತ ಒಟ್ಟಲು ಕರಗುತ್ತ ಬಂತು. ಮರದ ಕೆಳಗಿದ್ದ ನನಗೆ ಅದರ ಆಚೆಯ ಬದಿ ಈಗ ಕಾಣತೊಡಗಿತು. ಅಲ್ಲಿ, ಒಟ್ಟಲಿನ ನೆರಳಿದ್ದ ಕಡೆ, ಒಂದು ಕೌದಿಯ ಅಂಚು. ಕೆಂಪು, ಹಸಿರು, ಹೂವಿನ ಚಿತ್ತಾರದ ಚೂರುಗಳು. ಹುಸೇನಸಾಬರ ಅಂಗಡಿಯಲ್ಲಿ ನಾನು ಆರಿಸುತ್ತಿದ್ದಂಥವೇ. ಕೌದಿಯ ಮೇಲೆ ಬಳ್ಳಿ ಜಾರಿ ಬಿದ್ದಿತ್ತು. ಆ ಬಳ್ಳಿ ಅಲುಗಿತು. ಮತ್ತೆ ಅಲುಗಿತು. ಕರಿಮಣಿ ಕಟ್ಟಿದ ಒಂದು ಪುಟ್ಟ ಕಾಲು ಹೊರಗೆ ಬಂದು, ಗಾಳಿಯನ್ನು ಒದ್ದು, ಒಳಗೆ ಹೋಯಿತು.

ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ರುಮಾಲು ಕಿತ್ತು ಬೀಸುತ್ತ ಕೂಗಿದೆ. ಅಮರೇಶ ನೋಡಿದ. ನಾನು ಹುರಿದುಂಬಿಸುತ್ತಿದ್ದೇನೆ ಅಂದುಕೊಂಡು ಕೈ ಬೀಸಿದ. ಹುಸೇನಸಾಬರೂ ಬೀಸಿದರು. ನಗುತ್ತ ಬೀಸಿದರು. ಕಾಕಾ ನೋಡಲಿಲ್ಲ. ಅವನ ಕಣ್ಣು ಅವನೇ ಮಾಡಿದ ಕಾನೂನಿನಂತೆ ಮುಂದಿನವನ ಗಾಲಿಯ ಮೇಲಿತ್ತು. ಒಂದು ಸುತ್ತಿನಲ್ಲಿ ಹುಸೇನಸಾಬರ ಗಾಲಿ ಕೌದಿಯಿಂದ ಅಷ್ಟು ದೂರದಲ್ಲಿ ಹೋಯಿತು. ಮುಂದಿನ ಸುತ್ತಿನಲ್ಲಿ ಇಷ್ಟು ದೂರದಲ್ಲಿ. ಉಳಿದವರೆಲ್ಲ ಅದೇ ಗುರುತಿನ ಮೇಲೆ.

ಮುದುಕಿ ನನ್ನನ್ನು ನೋಡಿದಳು. ನಾನು ತೋರಿಸಿದ ಕಡೆ ನೋಡಿದಳು. ಆಮೇಲೆ ಆಕೆ ಓಡಿದ್ದನ್ನು ಓಟ ಎನ್ನಲಾರೆ. ಇದ್ದಲ್ಲಿ ಇರಲಿಲ್ಲ, ಅಲ್ಲಿ ಇದ್ದಳು. ಕವಲುಗೋಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಕಾಕಾನ ಗಾಡಿಯ ಮುಂದೆ ನಿಂತಿದ್ದಳು. ಕಾಕಾ ಹ್ಯಾಂಡಲ್ ಒಳಕ್ಕೆ ಎಳೆದ. ಗಾಡಿ ಕಾಳಿನ ಮೇಲೆ ಜಾರಿ ಅವನ ಸಮೇತ ಅಡ್ಡ ಬಿತ್ತು. ಹಿಂದೆಯೇ ಇದ್ದ ಸುಬ್ಬಾರಾವ್ ಬಿದ್ದ ಕಾಕಾನನ್ನು ಉಳಿಸಲು ಹೊರಕ್ಕೆ ತಿರುಗಿಸಿದರು. ಅಷ್ಟು ಭಾರದ ಗಾಡಿ. ಅದರ ಮುಂದಿನ ಗಾಲಿ ಕೌದಿಯ ಮೇಲೆ ಹತ್ತಿ, ದಾಟಿ, ಮಣ್ಣಿಗಿಳಿದು ನಿಂತಿತು.

ಗಾಡಿಗಳು ಒಂದೊಂದಾಗಿ ಬಂದ್ ಆದವು. ಕೊನೆಯದು ನಿಂತ ಮೇಲೆ ಕೂಸಿನ ಅಳು ಕೇಳಿಸಿತು. ಅದು ಆಗ ಶುರುವಾದ ಅಳುವಲ್ಲ. ದನಿ ಕಟ್ಟಿ, ಬಿಕ್ಕು ಹತ್ತಿ, ಬಹಳ ಹೊತ್ತಿನಿಂದ ಅಳುತ್ತಿದ್ದ ಅಳು.

ಮುದುಕಿ ಬಳ್ಳಿ ಸರಿಸಿ ಕೂಸನ್ನು ಎತ್ತಿದಳು. ಗಂಡುಕೂಸು, ವರ್ಷದೊಳಗಿನದು. ಅವಳು ಅದರ ಕೈ ಮುಟ್ಟಿದಳು, ಕಾಲು ಮುಟ್ಟಿದಳು, ತಲೆ, ಬೆನ್ನು, ಮತ್ತೆ ಕಾಲು. ಏನೂ ಆಗಿರಲಿಲ್ಲ. ಕೂದಲಲ್ಲಿ ಹುರುಳಿ ಹೊಟ್ಟು ಸಿಕ್ಕಿತ್ತು, ಅಷ್ಟೆ. ಗಾಲಿ ಹಾದ ಜಾಗಕ್ಕೂ ಕೂಸು ಮಲಗಿದ್ದ ಜಾಗಕ್ಕೂ ನಡುವೆ ಇದ್ದ ಅಂತರವನ್ನು ಎಲ್ಲರೂ ನೋಡಿದೆವು. ಅಲ್ಲಿ ನನ್ನ ಐದು ಹರಳು ಹರಡುವಷ್ಟು ಜಾಗವಿರಲಿಲ್ಲ. ಮುದುಕಿ ಹೊಲದಲ್ಲಿದ್ದಾಗ ಸೊಸೆ ಕೂಸನ್ನು ಇಲ್ಲಿ ನೆರಳಿಗೆ ಮಲಗಿಸಿ, ಈಗ ಬಂದೆನೆಂದು ನೀರಿಗೆ ಹೋಗಿದ್ದಳು. ಕೂಸು ಅವಳ ಕಂಕುಳಲ್ಲಿದೆ ಎಂದು ಮುದುಕಿ ತಿಳಿದಿದ್ದಳು.

ಕಾಕಾ ಎದ್ದು ಕೂತಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವನು ಅದನ್ನು ನೋಡಿಕೊಳ್ಳಲಿಲ್ಲ. ಹುಸೇನಸಾಬ್ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು. ಸುಬ್ಬಾರಾವ್ ಗಾಡಿಯ ಮೇಲೆಯೇ ಇದ್ದರು, ಇಳಿಯುವುದು ಮರೆತವರ ಹಾಗೆ.

ಮುದುಕಿ ಕೂಸನ್ನು ಹೆಗಲಿಗೆ ಹಾಕಿಕೊಂಡು ತೂಗುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು.

"ಸೊಸಿಗೆ ಹೇಳಬ್ಯಾಡ್ರೆಪ್ಪ. ಮೊದಲಿನ ಕೂಸೊಂದು ಹೋಗೇತಿ ಆಕಿದು. ಇದು ಗೊತ್ತಾದ್ರ ನನ್ನ ಕೈಯಾಗ ಮತ್ತ ಕೂಸು ಕೊಡೂದಿಲ್ಲ."

ಕೂಸು ಬಿಕ್ಕುತ್ತ ಬಿಕ್ಕುತ್ತ ಕಣ್ಣು ಮುಚ್ಚುತ್ತಿತ್ತು. ಅಷ್ಟರಲ್ಲಿ ಹೊಲದ ಬದುವಿನ ಮೇಲೆ ಸೊಸೆ ಕಂಡಳು. ತಲೆಯ ಮೇಲೆ ಕೊಡ, ಕಂಕುಳಲ್ಲಿ ಇನ್ನೊಂದು. ಇನ್ನೂ ಬಹಳ ಚಿಕ್ಕವಳು. ನಿಂತ ಗಾಡಿಗಳನ್ನೂ ಗಂಡಸರನ್ನೂ ನೋಡಿ ಮುಗುಳ್ನಕ್ಕಳು. ಕೊಡ ಇಳಿಸಿ, ನೀರು ಕುಡಿಯಿರಿ ಎಂದಳು. ಹುರುಳಿ ತುಳಿದುಕೊಟ್ಟಿದ್ದಾರೆ ಎಂದು ಅವಳಿಗೆ ನೋಡಿದ್ದೇ ತಿಳಿದಿತ್ತು. ತಂಬಿಗೆ ತುಂಬಿ ಒಬ್ಬೊಬ್ಬರ ಬೊಗಸೆಗೆ ಹೊಯ್ದಳು. ಕಾಕಾನ ಬೊಗಸೆಯಲ್ಲಿ ನೀರು ನಿಲ್ಲಲಿಲ್ಲ.

ಆಮೇಲೆ ಅತ್ತೆಯ ಹೆಗಲಿಂದ ಕೂಸನ್ನು ಇಸಿದುಕೊಂಡಳು. ಅದರ ಕೂದಲಲ್ಲಿದ್ದ ಹೊಟ್ಟು ತೆಗೆದಳು. ಮಲಗಿಸಲೆಂದು ಕೌದಿಯ ಕಡೆ ಹೋದಳು. ಮುದುಕಿ ಕೌದಿ ತೆಗೆಯುವುದನ್ನು ಮರೆತಿದ್ದಳು. ನಾವೆಲ್ಲರೂ ಮರೆತಿದ್ದೆವು. ಅದರ ಮೇಲೆ ಕೆಂಪು ಚೂರಿನಿಂದ ಹಸಿರು ಚೂರಿಗೆ ಅಡ್ಡವಾಗಿ ಟಯರಿನ ಹಲ್ಲುಗಳು ಮೂಡಿದ್ದವು. ಮಣ್ಣಿನಲ್ಲಿ ಮೂಡುವುದಕ್ಕಿಂತ ಸ್ಪಷ್ಟವಾಗಿ.

ಅವಳು ನಿಂತು ನೋಡಿದಳು. ಅತ್ತೆಯ ಕಡೆ ತಿರುಗಿದಳು. ಅತ್ತೆ ಕವಲುಗೋಲಿನಿಂದ ನೆಲ ಕೆರೆಯುತ್ತಿದ್ದಳು. ಗಂಡಸರ ಕಡೆ ತಿರುಗಿದಳು.

"ಯಾರ ಗಾಡಿದು?"

ಸುಬ್ಬಾರಾವ್ ಬಾಯಿ ತೆರೆದರು. ಕಾಕಾ ಮುಂದೆ ಬಂದ.

"ನಂದವ್ವ. ಸುತ್ತ ಹೊಡಿಸಿದಾಂವ ನಾನ."

ಮೊದಲನೆಯ ಮಾತು ನಿಜವಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎರಡನೆಯದು ನಿಜ ಎನ್ನುವುದೂ ಗೊತ್ತಿತ್ತು. ಅವಳು ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಲ್ಲಿ ಕೌದಿ ಮಡಚಿದಳು. ಗುರುತು ಒಳಗೆ ಬರುವ ಹಾಗೆ ಮಡಚಿದಳು. ಕಾಕಾ ಗಾಡಿ ಎತ್ತಿ ನಿಲ್ಲಿಸಿ, ಹೊರಡುವುದೊಂದೇ ತನಗೆ ಉಳಿದ ಕೆಲಸವೆಂಬಂತೆ ಕಿಕ್ ಮೇಲೆ ಕಾಲಿಟ್ಟ.

"ಚಾಲೂ ಮಾಡಬ್ಯಾಡ್ರಿ" ಎಂದಳು. ದನಿ ಎತ್ತಲಿಲ್ಲ. "ಈಗ ಮಲಗ್ಯಾನ."

ಕಾಕಾ ಕಾಲು ತೆಗೆದ. ಸ್ಟ್ಯಾಂಡ್ ಮೇಲೆತ್ತಿ ಗಾಡಿಯನ್ನು ತಳ್ಳತೊಡಗಿದ. ಅವನ ಹಿಂದೆ ಒಬ್ಬೊಬ್ಬರೂ ತಳ್ಳಿದರು. ರಸ್ತೆಗೆ ಬಂದ ಮೇಲೆ, ಯಾರೂ ಹೇಳದೆ, ಹುಸೇನಸಾಬ್ ಮುಂದೆ ಹೋದರು, ಸುಬ್ಬಾರಾವ್ ಕೊನೆಗೆ ಉಳಿದರು. ಮುಂದೆ ಏರು ಇತ್ತು. ಬುಲೆಟ್ ತಳ್ಳುವುದೆಂದರೆ ಸಾಮಾನ್ಯವಲ್ಲ. ಸುಬ್ಬಾರಾವ್ ಅವರ ಅಂಗಿ ಬೆನ್ನಿಗೆ ಅಂಟಿತ್ತು. ನಾನು ಚೀಲ ಹೊತ್ತು ಪಕ್ಕದಲ್ಲಿ ನಡೆದೆ. ಚೈನುಗಳ ಚಿಟಿಚಿಟಿ, ಹುಸೇನಸಾಬರ ಚಪ್ಪಲಿಯ ಸಪ್ಪಳ, ಉಸಿರು. ಹೊಲದಲ್ಲಿದ್ದವರು ಎದ್ದು ನಿಂತು ನೋಡಿದರು. ಸಾಲು ಎಲ್ಲಿಯೂ ಒಡೆಯಲಿಲ್ಲ. ಏರಿನ ಆಚೆ ಇಳಿದ ಮೇ‌ಲೂ, ಕಣ ಕಣ್ಣಿಗೆ ಮರೆಯಾದ ಮೇಲೂ, ಬಹಳ ದೂರದವರೆಗೆ ಯಾರೂ ಗಾಡಿ ಚಾಲೂ ಮಾಡಲಿಲ್ಲ.

ಲಿಂಗಸುಗೂರಿಗೆ ಒಬ್ಬೊಬ್ಬರಾಗಿ, ಗುರುತಿಲ್ಲದವರ ಹಾಗೆ ಹೋದೆವು. ಬಸ್ ನಿಲ್ದಾಣದ ಮುಂದೆ ಯಾರೂ ತಿರುಗಿ ನೋಡಲಿಲ್ಲ. ನಮ್ಮ ಅತ್ತೆ ರೊಟ್ಟಿಯ ಗಂಟು ಬಿಚ್ಚಿ, ಇಷ್ಟು ಯಾಕೆ ಮುರಿದಿವೆ ಎಂದು ಕೇಳಿದಳು. ಕಾಕಾ ರಸ್ತೆ ಸರಿ ಇಲ್ಲ ಎಂದ.

ಸಂಜೆ ಮನೆಗೆ ಬಂದಾಗ ಅಜ್ಜ ಎತ್ತಿಗೆ ಹಿಂಡಿ ಕಲಸುತ್ತಿದ್ದ. ನಾನು ಹೇಳಬೇಕಾಗಿದ್ದ ಮಾತನ್ನು ಹೇಳಲಿಲ್ಲ. ಕಾಕಾನೇ ಎಲ್ಲವನ್ನೂ ಹೇಳಿದ. ನಿಂತುಕೊಂಡು, ನಿಧಾನವಾಗಿ, ಬಿಡದೆ ಹೇಳಿದ. ಗಾಲಿ ತನ್ನದೇ ಎಂದು ಇಲ್ಲಿಯೂ ಹೇಳಿದ. ಅಜ್ಜ ಹಿಂಡಿ ಕಲಸುವುದನ್ನು ನಿಲ್ಲಿಸಿರಲಿಲ್ಲ. ಎಲ್ಲ ಕೇಳಿದ ಮೇಲೆ ಬುಟ್ಟಿಯನ್ನು ಎತ್ತಿನ ಮುಂದಿಟ್ಟ.

"ಎತ್ತಾಗಿದ್ರ ನಿಂದರತಿತ್ತು" ಎಂದ.

ಕಾಕಾ ಗಾಡಿಯನ್ನು ನಾಳೆಯೇ ಕೊಟ್ಟುಬಿಡುತ್ತೇನೆ ಎಂದ. ಉಗಾದಿಯವರೆಗೆ ಕಾಯುವುದು ಬೇಡ ಎಂದ. ಅಜ್ಜ ಕೈ ತೊಳೆದುಕೊಂಡು ಬಂದು, ಗೋದಲಿಯ ಮುಂದೆ ನಿಂತ ಗಾಡಿಯನ್ನು ಮೊದಲ ಸಲ ಹತ್ತಿರದಿಂದ ನೋಡಿದ. ಗಾಲಿಯ ಕಡ್ಡಿಗಳಲ್ಲಿ ಹುರುಳಿ ಬಳ್ಳಿ ಸುತ್ತಿಕೊಂಡಿತ್ತು. ಬಗ್ಗಿ ಅದನ್ನು ಒಂದೊಂದಾಗಿ ಬಿಡಿಸುತ್ತ ಹೇಳಿದ.

"ಇರ್ಲಿ ಬಿಡು. ಎತ್ತಿಗೆ ಅದರವ ಕಣ್ಣು ಅದಾವ. ಇದಕ್ಕ ನಿನ್ನವ ಅಷ್ಟ. ಅದನ್ನ ತಿಳಕೊಂಡು ಹೊಡಿ."

ಮರುದಿನ ಕಾಕಾ ಸೈಲೆನ್ಸರಿಗೆ ಜಾಳಿಗೆಯನ್ನು ಮತ್ತೆ ಹಾಕಿಸಿದ. ಕೆಲವೇ ದಿನಗಳಲ್ಲಿ ಉಳಿದವರೂ ಹಾಕಿಸಿದರು ಎನ್ನುವುದು ನಮಗೆ ಕಟ್ಟೆಯ ಮೇಲೆ ಕೂತೇ ಗೊತ್ತಾಯಿತು. ಗಾಡಿ ಯಾರದೆಂದು ಹೇಳಲು ಈಗ ನಾವು ತಲೆ ಎತ್ತಿ ನೋಡಬೇಕಾಗುತ್ತಿತ್ತು. ಭಾನುವಾರದ ಸಭೆ ನಿಂತಿತು. ಯಾರೂ ನಿಲ್ಲಿಸೋಣ ಎಂದು ಹೇಳಿದ್ದಲ್ಲ, ಯಾರೂ ಬರಲಿಲ್ಲ. ಸುಬ್ಬಾರಾವ್ ಒಮ್ಮೆ ಒಬ್ಬರೇ ಆ ಕಣಕ್ಕೆ ಹೋಗಿ ಹೊಸ ಕೌದಿ ಕೊಟ್ಟು ಬಂದರೆಂದು ಹುಸೇನಸಾಬರಿಂದ ಬಹಳ ವರ್ಷಗಳ ಮೇಲೆ ತಿಳಿಯಿತು. ಅದನ್ನು ಹೊಲಿದುಕೊಟ್ಟವರು ಹುಸೇನಸಾಬರೇ. ಆ ಸೊಸೆ ಅದನ್ನು ತೆಗೆದುಕೊಂಡಳೇ, ಏನಂದಳು, ಮುದುಕಿಯ ಕೈಯಲ್ಲಿ ಮತ್ತೆ ಕೂಸು ಕೊಟ್ಟಳೇ ಎಂದು ಕೇಳಿದೆ. ಅದನ್ನು ಸುಬ್ಬಾರಾವ್ ಹೇಳಲಿಲ್ಲವಂತೆ.

ನಾನು ಕಾಲೇಜು ಓದಿ, ಕೆಲಸ ಹಿಡಿದು, ಈಗ ಲಿಂಗಸುಗೂರಿನಲ್ಲೇ ಇದ್ದೇನೆ. ಅಜ್ಜ ಇಲ್ಲ, ಎತ್ತುಗಳಿಲ್ಲ, ಗೋದಲಿಯನ್ನು ಒಡೆದು ಸ್ನಾನದ ಮನೆ ಮಾಡಿದ್ದಾರೆ. ಕಾಕಾ ಆ ಗಾಡಿಯನ್ನು ಬಹಳ ವರ್ಷ ಇಟ್ಟುಕೊಂಡಿದ್ದ. ಯಾರ ಹಿಂದೆಯೂ, ಯಾರ ಮುಂದೆಯೂ ಹೋಗದೆ ಒಬ್ಬನೇ ಓಡಿಸುತ್ತಿದ್ದ. ಹುರುಳಿಯನ್ನು ಈಗ ಮಷೀನು ಒಕ್ಕುತ್ತದೆ. ಹಳೇ ರಸ್ತೆಯ ಆ ತುಂಡು ಹೊಸ ರಸ್ತೆಯ ಕೆಳಗೆ ಸೇರಿಹೋಗಿದೆ. ಆ ಜಾಗ ಬಂದಾಗ ಬಸ್ಸಿನಲ್ಲಿ ನಾನು ಬೇವಿನ ಮರ ಹುಡುಕುತ್ತೇನೆ. ಮರವಿಲ್ಲ. ಆದರೂ ಪ್ರತಿ ಸಲ ಕೈ ತಾನಾಗಿ ಮೇಲೇಳಲು ನೋಡುತ್ತದೆ, ಯಾರಿಗೋ ಏನನ್ನೋ ತೋರಿಸಲು.

ಈಗ ಭಾನುವಾರ ಮುಂಜಾನೆ ದೊಡ್ಡ ದೊಡ್ಡ ಗಾಡಿಗಳ ಹುಡುಗರು ಸಾಲುಕಟ್ಟಿ ನಮ್ಮ ಮನೆಯ ಮುಂದೆ ಹಾದು ಹೋಗುತ್ತಾರೆ. ಚರ್ಮದ ಅಂಗಿ, ಬಣ್ಣದ ಹೆಲ್ಮೆಟ್, ಸಾಲು ಬಹಳ ನೆಟ್ಟಗಿರುತ್ತದೆ. ಕಾಕಾ ಕಂಡ ಕನಸೇ ಅದು. ಕಿಟಕಿಯ ಗಾಜು ನಡುಗುವಷ್ಟು ಆವಾಜು. ಆ ಆವಾಜು ಪೂರ್ತಿ ಹೋಗುವವರೆಗೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತಿರುತ್ತೇನೆ, ಅದರ ಅಡಿಯಲ್ಲಿ ಬೇರೇನಾದರೂ ಕೇಳುತ್ತಿದೆಯೇ ಎಂದು. ಅವರು ಒಳ್ಳೆಯ ಹುಡುಗರೇ ಇರಬೇಕು. ಆದರೆ ಅವರನ್ನು ನಿಲ್ಲಿಸಿ, ಕೂಸು ಮಲಗಿದೆ, ಚಾಲೂ ಮಾಡಬೇಡಿ ಎಂದು ಹೇಳುವಷ್ಟು ಹತ್ತಿರದಲ್ಲಿ ಈಗ ಯಾರೂ ನಿಂತಿರುವುದಿಲ್ಲ. ಆರು ಗಾಡಿಗಳನ್ನು ಏರಿನಲ್ಲಿ ತಳ್ಳಿಕೊಂಡು ಹೋಗುವ ಆ ಚೈನಿನ ಚಿಟಿಚಿಟಿ, ಆ ಚಪ್ಪಲಿಯ ಸಪ್ಪಳ, ಅವತ್ತಿನ ನಂತರ ನಾನು ಮತ್ತೆಲ್ಲೂ ಕೇಳಿಲ್ಲ.